ಒಂದೇ ಗಿಟಾರ್, ಮೂರು ಜನರ ಸದ್ದು: ಕಲಬುರಗಿಯ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಸಂಜೆ ಹೊತ್ತು ನಮ್ಮ ಮನೆಗೆ ನಾಲ್ಕಾರು ಹುಡುಗ ಹುಡುಗಿಯರು ಗಿಟಾರ್ ಹಿಡಿದು ಬರುತ್ತಾರೆ. ಸಿನಿಮಾ ಹಾಡು ಕಲಿಯಲು ಬಂದವರು ಒಂದಲ್ಲ ಒಂದು ದಿನ ಫೋನಿನಲ್ಲಿ ಯಾರೋ ಗಿಟಾರಿನ ಮರ ತಟ್ಟುತ್ತಾ ನುಡಿಸುವ ವಿಡಿಯೋ ತೋರಿಸಿ "ಸರ್, ಇವ್ರು ಗಿಟಾರಿಗೆ ಹೊಡೀಲಕತ್ತಾರಲ್ರಿ, ಇದೇನ್ರಿ?" ಅಂತ ಕೇಳುತ್ತಾರೆ. ಬೀದರ್, ಯಾದಗಿರಿ ಕಡೆಯ ಗೆಳೆಯರೂ ಇದನ್ನೇ ಕೇಳುತ್ತಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಯಾವ ತರಹದ ಗಿಟಾರ್? ಹಿಂದೆ ಯಾರಾದ್ರೂ ಡ್ರಮ್ ಬಾರಿಸ್ತಿರ್ತಾರಾ?

ಸಾಮಾನ್ಯ ಅಕೌಸ್ಟಿಕ್ ಗಿಟಾರೇ. ಹಿಂದೆ ಯಾರೂ ಇರುವುದಿಲ್ಲ. ನುಡಿಸುವವರು ಎರಡು ಕೆಲಸ ಮಾಡಿರುತ್ತಾರೆ. ಮೊದಲನೆಯದು, ಆರು ತಂತಿಗಳನ್ನು ಎಲ್ಲರಂತೆ ಶ್ರುತಿ ಮಾಡದೆ ತಮಗೆ ಬೇಕಾದ ಸ್ವರಗಳಿಗೆ ಇಳಿಸಿ ಏರಿಸಿಕೊಂಡಿರುತ್ತಾರೆ. ಎರಡನೆಯದು, ಗಿಟಾರಿನ ಮರವನ್ನೇ ತಬಲಾ ಅಂತ ತಿಳಿದು ಅಂಗೈ, ಹೆಬ್ಬೆರಳು, ಉಗುರು ಎಲ್ಲದರಿಂದ ತಟ್ಟುತ್ತಾರೆ. ಎಡಗೈ ಬೆರಳುಗಳು ತಂತಿಯನ್ನು ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ಬಡಿದೇ ಸ್ವರ ಹೊರಡಿಸುತ್ತವೆ. ಹಾಗಾಗಿ ಬಲಗೈ ಬಿಡುವಾಗುತ್ತದೆ, ತಾಳ ಹಿಡಿಯುತ್ತದೆ.

ನಾನು ಮೊದಲ ಸಲ ಇಂಥದ್ದೊಂದನ್ನು ಸ್ಪೀಕರಿಗೆ ಹಾಕಿ ಜೋರಾಗಿ ಕೇಳುತ್ತಿದ್ದಾಗ ಅವ್ವ ಅಡುಗೆ ಮನೆಯಿಂದ "ಎಷ್ಟು ಮಂದಿ ಕೂತಾರೋ ತಮ್ಮಾ ಒಳಗ, ಚಾ ಇಡ್ಲೇನು?" ಅಂದಿದ್ದರು. ಅವರ ಕಿವಿ ಸರಿಯಾಗಿಯೇ ಕೇಳಿತ್ತು. ಕೆಳಗೆ ದಪ್ಪ ಸ್ವರ ಒಬ್ಬರದು, ನಡುವೆ ತಾಳ ಇನ್ನೊಬ್ಬರದು, ಮೇಲೆ ರಾಗ ಮೂರನೆಯವರದು ಅನ್ನುವ ಹಾಗೆ ಇತ್ತು ಅದು.

ಮೊದಲು ಯಾರನ್ನ ಕೇಳಲಿ?

ಆ್ಯಂಡಿ ಮೆಕ್‌ಕೀ ಇಂದ ಶುರು ಮಾಡಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಟೊಪೀಕಾ ಊರಿನವರು. 2006ರಲ್ಲಿ ಕ್ಯಾಂಡಿರ‍್ಯಾಟ್ ಎಂಬ ಸಣ್ಣ ಸಂಗೀತ ಕಂಪನಿ ಅವರ 'ಡ್ರಿಫ್ಟಿಂಗ್' ನುಡಿಸಿದ ವಿಡಿಯೋ ಯೂಟ್ಯೂಬಿಗೆ ಹಾಕಿತು. ಎಡಗೈಯನ್ನು ಗಿಟಾರಿನ ಕತ್ತಿನ ಮೇಲಿನಿಂದ ಇಳಿಬಿಟ್ಟು ನುಡಿಸುವ ಆ ದೃಶ್ಯವನ್ನು ಕೋಟಿಗಟ್ಟಲೆ ಸಲ ಜನ ನೋಡಿದ್ದಾರೆ. ಮುಂದೆ 2012ರಲ್ಲಿ ಪಾಪ್ ಗಾಯಕ ಪ್ರಿನ್ಸ್ ತಮ್ಮ ಆಸ್ಟ್ರೇಲಿಯಾ ಪ್ರವಾಸಕ್ಕೆ ಅವರನ್ನು ಕರೆದುಕೊಂಡು ಹೋದರು.

ಈ ಮೆಕ್‌ಕೀಗೆ ಹದಿನಾರನೇ ಹುಟ್ಟುಹಬ್ಬದ ದಿನ ಸಂಬಂಧಿಯೊಬ್ಬರು ಪ್ರೆಸ್ಟನ್ ರೀಡ್ ಎಂಬ ವಾದಕರು ಗಿಟಾರ್ ನುಡಿಸುವುದನ್ನು ತೋರಿಸಿದ್ದರು. ಅಲ್ಲಿಂದಲೇ ಅವರ ದಾರಿ ತಿರುಗಿತು. ಆದ್ದರಿಂದ ಎರಡನೆಯವರು ಪ್ರೆಸ್ಟನ್ ರೀಡ್. ಎರಡೂ ಕೈಯನ್ನು ಪೂರ್ತಿ ಬಿಡುಗಡೆ ಮಾಡಿ, ಗಿಟಾರಿನ ಮೈಯೆಲ್ಲ ತಾಳವಾಗಿಸಿದ್ದರಲ್ಲಿ ಅವರ ಪಾಲು ದೊಡ್ಡದು.

ಮೂರನೆಯವರನ್ನು ರಾತ್ರಿ ಎಲ್ಲ ಸದ್ದು ಅಡಗಿದ ಮೇಲೆ ಕೇಳಿ: ಮೈಕೆಲ್ ಹೆಜಸ್. 1984ರಲ್ಲಿ ವಿಂಡಮ್ ಹಿಲ್ ಕಂಪನಿಯಿಂದ ಬಂದ ಅವರ 'ಏರಿಯಲ್ ಬೌಂಡರೀಸ್' ನನ್ನ ಪ್ರಕಾರ ಈ ಇಡೀ ದಾರಿಯ ಮೈಲಿಗಲ್ಲು. ಅವರು ಬಾಲ್ಟಿಮೋರ್‌ನ ಪೀಬಡಿ ಸಂಗೀತ ಶಾಲೆಯಲ್ಲಿ ಸಂಗೀತ ರಚನೆ ಓದಿದವರು. ಅದು ಕೇಳಿದರೆ ಗೊತ್ತಾಗುತ್ತದೆ. ಒಂದೊಂದು ತಟ್ಟುವಿಕೆಗೂ ಅಲ್ಲಿ ಜಾಗ ಇದೆ, ಯಾವ ತಂತಿ ಎಲ್ಲಿ ಸುಮ್ಮನಾಗಬೇಕು ಅನ್ನುವುದೂ ಲೆಕ್ಕದಲ್ಲಿದೆ. 1997ರಲ್ಲಿ, 43ನೇ ವಯಸ್ಸಿನಲ್ಲಿ, ಕಾರು ಅಪಘಾತದಲ್ಲಿ ಹೋಗಿಬಿಟ್ಟರು. ಮರುವರ್ಷ ಅವರ 'ಒರಾಕಲ್' ಆಲ್ಬಮಿಗೆ ಗ್ರ್ಯಾಮಿ ಬಂತು. ಅದನ್ನು ನೋಡಲು ಅವರೇ ಇರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆಮೇಲೆ ಕಾಕಿ ಕಿಂಗ್. ಅಟ್ಲಾಂಟಾದವರು, ಗಿಟಾರ್ ಜೊತೆ ಡ್ರಮ್ಸ್ ಕೂಡ ಬಾರಿಸುತ್ತಿದ್ದವರು, ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣಗಳಲ್ಲಿ ಕೂತು ನುಡಿಸಿ ಮುಂದೆ ಬಂದವರು. ಮೊದಲ ಆಲ್ಬಮ್ 2003ರಲ್ಲಿ ಬಂತು. ಕೆನಡಾದ ಎರಿಕ್ ಮಾಂಗ್ರೇನ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಹಾರ್ಮೋನಿಯಂ ನುಡಿಸುವ ಹಾಗೆ ಮೇಲಿನಿಂದ ಬೆರಳಿಡುತ್ತಾರೆ. ಇಂಗ್ಲೆಂಡಿನ ಜಾನ್ ಗಾಮ್ ಹಾಡುತ್ತಲೇ, ನುಡಿಸುತ್ತಲೇ ಬಿರಡೆ ತಿರುಗಿಸಿ ಸ್ವರ ಜಾರಿಸುತ್ತಾರೆ. ಅವರ 'ಪ್ಯಾಶನ್‌ಫ್ಲವರ್'ನಲ್ಲಿ ಆ ಬಿರಡೆ ತಿರುಗುವುದೇ ರಾಗ.

ಟ್ಯೂನಿಂಗ್ ಬದಲಿಸೋದು ಅಂದ್ರೆ ನಿಜಕ್ಕೂ ಏನು? ಸರಿಗಮದಲ್ಲಿ ಹೇಳಿ.

ಸಂತೋಷದಿಂದ ಹೇಳುತ್ತೇನೆ. ಇಷ್ಟವಾದ ಪ್ರಶ್ನೆ ಇದು.

ಸಾಮಾನ್ಯ ಗಿಟಾರಿನಲ್ಲಿ ದಪ್ಪ ತಂತಿಯಿಂದ ಸಣ್ಣ ತಂತಿಗೆ ಇ, ಎ, ಡಿ, ಜಿ, ಬಿ, ಇ. ಒಂದು ತಂತಿಯಿಂದ ಮುಂದಿನದಕ್ಕೆ ಸ–ಮ ಅಂತರ, ಒಂದೇ ಒಂದು ಕಡೆ ಸ–ಗ. ಬೆರಳಿಡದೆ ಆರೂ ತಂತಿ ಮೀಟಿದರೆ ಹಿತವಾಗಿ ಕೇಳುವುದಿಲ್ಲ. ಅದು ಎಲ್ಲ ಹಾಡಿಗೂ ಹೊಂದಲಿ ಅಂತ ಮಾಡಿಕೊಂಡ ವ್ಯವಸ್ಥೆ.

ತಂತಿಗಳನ್ನು ಎಣಿಸುವುದು ಸಣ್ಣದರಿಂದ: ಅತಿ ಸಣ್ಣದು ಒಂದನೆಯದು, ಅತಿ ದಪ್ಪದ್ದು ಆರನೆಯದು. ಈಗ ದಪ್ಪ ತಂತಿಯನ್ನು ಇಯಿಂದ ಡಿಗೆ ಇಳಿಸಿ. ಎರಡನೇ ತಂತಿಯನ್ನು ಬಿಯಿಂದ ಎಗೆ, ಒಂದನೇ ತಂತಿಯನ್ನು ಇಯಿಂದ ಡಿಗೆ. ಸಿಕ್ಕಿದ್ದು ಡಿ, ಎ, ಡಿ, ಜಿ, ಎ, ಡಿ. ಗಿಟಾರ್ ಬಳಗದಲ್ಲಿ ಇದಕ್ಕೆ 'ಡ್ಯಾಡ್‌ಗ್ಯಾಡ್' ಅಂತಲೇ ಹೆಸರು. ಡಿಯನ್ನು ಸ ಅಂದುಕೊಂಡರೆ: ಸ, ಪ, ಸ, ಮ, ಪ, ಸ. ನೋಡಿದಿರಾ? ಇದು ತಂಬೂರಿಯ ನೆಂಟ! ತಂಬೂರಿಯಲ್ಲಿ ಪ ಅಥವಾ ಮ ಇಟ್ಟು ಮೂರು ಸ ಇಡುತ್ತಾರಲ್ವಾ, ಇಲ್ಲಿ ಎರಡೂ ಇವೆ. ಗ ಇಲ್ಲ. ಗ ಇಲ್ಲದ್ದರಿಂದ ಇದು ಸಂತೋಷದ ಕಡೆಗೂ ವಾಲುವುದಿಲ್ಲ, ದುಃಖದ ಕಡೆಗೂ ವಾಲುವುದಿಲ್ಲ. ನೀವು ಬೆರಳಿಟ್ಟು ಯಾವ ಗ ಕೊಡುತ್ತೀರೋ ಆ ಕಡೆ ಹೋಗುತ್ತದೆ. ಗ, ನಿ ಎರಡೂ ಇಲ್ಲದ ದುರ್ಗಾ ರಾಗವಂತೂ ಇದರ ಮೇಲೆ ಹಾಸಿದ ಹಾಗೆ ಕೂರುತ್ತದೆ.

ಟ್ಯೂನರ್ ಇಲ್ಲದೆಯೂ ಇದನ್ನು ಮಾಡಬಹುದು. ನಾಲ್ಕನೇ ತಂತಿ ಆಗಲೇ ಡಿ. ಅದನ್ನು ಮೀಟಿ, ಅದರ ಕೆಳಗಿನ ಸ ಬರುವ ತನಕ ಆರನೆಯದನ್ನು ಸಡಿಲಿಸಿ. ಮೇಲಿನ ಸ ಬರುವ ತನಕ ಒಂದನೆಯದನ್ನು ಇಳಿಸಿ. ಐದನೇ ತಂತಿಯ ಎ ಕೇಳಿಕೊಂಡು ಎರಡನೆಯದನ್ನು ಅದರ ಮೇಲಿನ ಎಗೆ ತನ್ನಿ. ಶ್ರುತಿ ಹತ್ತಿರ ಬಂದಾಗ ಎರಡು ಸದ್ದು ಸೇರಿ ವಾಂ–ವಾಂ ಅಂತ ಅಲೆಯಾಡುತ್ತವೆ. ಅಲೆ ನಿಧಾನವಾಗುತ್ತಾ ಹೋಗಿ ನಿಂತುಬಿಡುತ್ತದೆ. ನಿಂತ ಕ್ಷಣ ಕೈ ತೆಗೆಯಿರಿ.

ನಾನು ಇದನ್ನು ಮೊದಲು ಮಾಡಿದ್ದು ಒಂದು ಬೇಸಿಗೆ ರಾತ್ರಿ, ಕರೆಂಟ್ ಹೋಗಿತ್ತು. ಫ್ಯಾನ್ ಇಲ್ಲದ್ದರಿಂದ ಮನೆ ಅಷ್ಟು ನಿಶ್ಶಬ್ದ. ಶಹಾಬಾದ್ ಪರ್ಸಿಯ ತಣ್ಣನೆ ನೆಲದ ಮೇಲೆ ಕೂತಿದ್ದೆ. ಆರೂ ತಂತಿ ಒಮ್ಮೆ ಮೀಟಿ ಬಿಟ್ಟೆ. ಸದ್ದು ಕಲ್ಲಿಗೆ ತಾಗಿ ಕೋಣೆ ತುಂಬಿಕೊಂಡಿತು. ಗಿಟಾರಿನ ಬೆನ್ನು ನನ್ನ ಹೊಟ್ಟೆಗೆ ಒತ್ತಿಕೊಂಡಿತ್ತು, ಅಲ್ಲಿ ಕಂಪನ ಆಡುತ್ತಾ ಇತ್ತು. ಆರು ವರ್ಷ ನುಡಿಸಿದ್ದ ಅದೇ ಗಿಟಾರ್, ಅವತ್ತು ಹೊಸದಾಗಿ ಮನೆಗೆ ಬಂದಂತೆ ಅನಿಸಿತ್ತು.

ಇದೊಂದೇನಾ, ಬೇರೆ ಟ್ಯೂನಿಂಗ್ ಇವೆಯಾ?

ಬೇಕಾದಷ್ಟಿವೆ. ಡ್ಯಾಡ್‌ಗ್ಯಾಡ್‌ನಲ್ಲಿ ಮೂರನೇ ತಂತಿಯನ್ನು ಅರ್ಧ ಸ್ವರ ಇಳಿಸಿದರೆ ಸ, ಪ, ಸ, ಗ, ಪ, ಸ ಆಗುತ್ತದೆ, ಅದು ಓಪನ್ ಡಿ. ಡಿ, ಜಿ, ಡಿ, ಜಿ, ಬಿ, ಡಿ ಮಾಡಿದರೆ ಓಪನ್ ಜಿ. ಜೋನಿ ಮಿಚೆಲ್ ಎಂಬ ಕೆನಡಾದ ಗಾಯಕಿ ಇಂಥ ಐವತ್ತಕ್ಕೂ ಜಾಸ್ತಿ ಟ್ಯೂನಿಂಗ್ ಬಳಸಿದ್ದಾರೆ. ಒಂಬತ್ತನೇ ವಯಸ್ಸಿನಲ್ಲಿ ಪೋಲಿಯೊ ಬಂದು ಅವರ ಎಡಗೈಯ ಶಕ್ತಿ ಕಡಿಮೆಯಾಗಿತ್ತು. ಕಷ್ಟದ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತಿ ಹಿಡಿಯುವ ಸ್ವರಗುಚ್ಛ) ಹಿಡಿಯುವ ಬದಲು ತಂತಿಯನ್ನೇ ತಮ್ಮ ಕೈಗೆ ಒಗ್ಗಿಸಿಕೊಂಡರು. ಕಾರ್ಡ್ ಹಿಡಿಯಲು ಬರುತ್ತಿಲ್ಲ ಅಂತ ಅಳುಮೋರೆ ಮಾಡುವ ಮಕ್ಕಳಿಗೆ ನಾನು ಯಾವಾಗಲೂ ಹೇಳುವುದು ಇವರ ಕಥೆಯನ್ನೇ.

ಇದನ್ನೆಲ್ಲ ಮೊದಲು ಮಾಡಿದ್ದು ಯಾರು?

ಒಬ್ಬರ ಹೆಸರು ಹೇಳಲಾಗದು. ಹವಾಯಿ ದ್ವೀಪಕ್ಕೆ 1830ರ ದಶಕದಲ್ಲಿ ಮೆಕ್ಸಿಕೊದ ದನಗಾಹಿಗಳು ಗಿಟಾರ್ ತಂದರು. ಅಲ್ಲಿನವರು ತಂತಿ ಸಡಿಲಿಸಿ ತಮ್ಮ ಹಾಡಿಗೆ ಹೊಂದಿಸಿಕೊಂಡರು, ಅದು ಇವತ್ತಿಗೂ 'ಸ್ಲ್ಯಾಕ್ ಕೀ' ಅಂತ ಉಳಿದಿದೆ. ಡ್ಯಾಡ್‌ಗ್ಯಾಡ್ ಹರಡಿದ್ದು ಇಂಗ್ಲೆಂಡಿನ ಡೇವಿ ಗ್ರಹಾಂ ಅವರಿಂದ, 1960ರ ದಶಕದ ಶುರುವಿನಲ್ಲಿ. ಮೊರಾಕೊಗೆ ಹೋಗಿ ಅಲ್ಲಿನ ಸಂಗೀತದ ಜೊತೆ ಸೇರಲು ಅವರು ಈ ಶ್ರುತಿ ಹಿಡಿದರು. ಮರ ತಟ್ಟುವುದಂತೂ ಸ್ಪೇನಿನ ಫ್ಲಮೆಂಕೊ ಸಂಗೀತದಲ್ಲಿ ಹಳೆಯದು. ಅಲ್ಲಿ ಉಗುರು ತಾಗಿ ಮರ ಸವೆಯದಿರಲಿ ಅಂತ ಗಿಟಾರಿಗೆ ತೆಳು ಹಾಳೆಯನ್ನೇ ಅಂಟಿಸಿರುತ್ತಾರೆ.

ನಮ್ಮ ಕಡೆಯ ಸಂಗೀತಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?

ಒಂದರಿಂದ ಇನ್ನೊಂದು ಹುಟ್ಟಿತು ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ಕಿವಿ ಇದಕ್ಕೆ ಆಗಲೇ ತಯಾರಾಗಿದೆ ಅನ್ನುವುದನ್ನು ಎದೆ ತಟ್ಟಿ ಹೇಳುತ್ತೇನೆ.

ಚೌಡಿಕೆ ನೆನಪಿಸಿಕೊಳ್ಳಿ. ಎಲ್ಲಮ್ಮನ ಜೋಗತಿಯರು ಕಂಕುಳಲ್ಲಿ ಇಟ್ಟುಕೊಂಡು ನುಡಿಸುವ ವಾದ್ಯ. ಪೊಳ್ಳು ಮರ, ತಳದಲ್ಲಿ ಚರ್ಮ, ಚರ್ಮದ ನಡುವಿನಿಂದ ಹೊರಟ ಒಂದು ತಂತಿ. ಆ ತಂತಿ ಮೀಟಿದರೆ ಚರ್ಮವೇ ಮಾತಾಡುತ್ತದೆ. ಅದು ತಂತಿ ವಾದ್ಯವೋ ಚರ್ಮ ವಾದ್ಯವೋ ಅಂತ ಬಿಡಿಸಿ ಹೇಳಲು ಬರುವುದಿಲ್ಲ, ಸ್ವರ ಮತ್ತು ತಾಳ ಒಂದೇ ಏಟಿಗೆ ಬರುತ್ತವೆ. ಪ್ರೆಸ್ಟನ್ ರೀಡ್ ಗಿಟಾರಿನಲ್ಲಿ ಹುಡುಕಿದ್ದು ಇದನ್ನೇ ಅಲ್ವಾ?

ಇನ್ನು ತತ್ವಪದ. ಕಡಕೋಳ ಮಡಿವಾಳಪ್ಪನವರ ಪದಗಳನ್ನು ನಮ್ಮ ಜಿಲ್ಲೆಯ ಊರೂರಲ್ಲಿ ರಾತ್ರಿಯಿಡೀ ಹಾಡುತ್ತಾರೆ. ಏಕತಾರಿಯ ಒಂದೇ ಸ್ವರ ಕೊನೆತನಕ ಬಿಡದೆ ಮೊಳಗುತ್ತದೆ, ಅದರ ಮೇಲೆ ಪದ ಏರುತ್ತದೆ, ಇಳಿಯುತ್ತದೆ. ಇದನ್ನು ಕೇಳಿ ಬೆಳೆದವರಿಗೆ ಡ್ಯಾಡ್‌ಗ್ಯಾಡ್‌ನ ದಪ್ಪ ಸ ಮೊಳಗುತ್ತಾ ಇರುವುದು ಪರಕೀಯ ಅನಿಸುವುದಿಲ್ಲ. ನನ್ನ ಹತ್ತಿರ ಬರುವ ಆಳಂದ ಕಡೆಯ ಹುಡುಗನೊಬ್ಬ ಭಜನೆ ಮೇಳದಲ್ಲಿ ಬೆಳೆದವನು. ಮೂರು ವರ್ಷ ಗಿಟಾರ್ ಕಲಿತವರಿಗಿಂತ ಬೇಗ ಅವನ ಬಲಗೈ ತಾಳ ಹಿಡಿಯಿತು.

ಎಲ್ಲಿ ತಟ್ಟಬೇಕು?

ಮೂರು ಜಾಗ ಸಾಕು. ಧ್ವನಿ ರಂಧ್ರದ ಮೇಲ್ಬದಿ, ನಿಮ್ಮ ಗದ್ದದ ಕಡೆಗೆ, ಅಂಗೈಯ ಹಿಮ್ಮಡಿ ಭಾಗದಿಂದ ಮೆಲ್ಲಗೆ ಒತ್ತಿ ತಟ್ಟಿ: 'ಧುಂ'. ಗಿಟಾರಿನ ಪಕ್ಕದ ಹಲಗೆಗೆ, ಕತ್ತು ಸೇರುವ ಹತ್ತಿರ, ಬೆರಳ ತುದಿಗಳಿಂದ: 'ಟಕ್'. ದಪ್ಪ ತಂತಿಗಳ ಮೇಲೆ ಹೆಬ್ಬೆರಳ ಗೆಣ್ಣು ಬೀಳಿಸಿದರೆ 'ಚಕ್'.

ಈಗ ಎಲ್ಲರಿಗೂ ಗೊತ್ತಿರುವ ಕೆಹೆರ್ವಾ ತಾಳ ಬಾಯಲ್ಲಿ ಹೇಳಿ: ಧಾ ಗೆ ನಾ ತಿ, ನ ಕ ಧಿ ನ. ಧಾ, ಧಿ ಬಂದಲ್ಲಿ ಅಂಗೈ. ನಾ ಬಂದಲ್ಲಿ ಪಕ್ಕದ ಹಲಗೆ. ಉಳಿದಲ್ಲಿ ದಪ್ಪ ತಂತಿ ಮೀಟಿ. ಮೊದಲ ವಾರ ತೀರಾ ನಿಧಾನ ಇರಲಿ. ಕೈ ತಪ್ಪಿದರೆ ಬಾಯಿ ನಿಲ್ಲಿಸಬೇಡಿ, ಬಾಯಿಯೇ ಕೈಯನ್ನು ಎಳೆದುಕೊಂಡು ಹೋಗುತ್ತದೆ.

ಹನ್ನೆರಡನೇ ಫ್ರೆಟ್ಟಿನ ಲೋಹದ ಪಟ್ಟಿಯ ನೇರ ಮೇಲೆ ತೋರುಬೆರಳನ್ನು ಬಡಿದು ತಕ್ಷಣ ಎತ್ತಿದರೆ ಗಂಟೆಯಂಥ ಸದ್ದು ಬರುತ್ತದೆ. ಬಿಸಿ ಹೆಂಚಿಗೆ ಬೆರಳು ತಾಗಿದಾಗ ಎಳೆದುಕೊಳ್ಳುತ್ತೀರಲ್ಲ, ಅಷ್ಟು ಬೇಗ ಎತ್ತಬೇಕು.

ಅವರು ತಟ್ಟಿದ್ರೆ ಡ್ರಮ್ ತರ ಮೊಳಗುತ್ತೆ, ನಾನು ತಟ್ಟಿದ್ರೆ ಬಾಗಿಲು ಬಡಿದ ಹಾಗೆ ಕೇಳುತ್ತೆ. ಯಾಕೆ?

ನಿಮ್ಮ ಕೈಯ ತಪ್ಪಲ್ಲ. ಅವರ ಗಿಟಾರಿನ ಒಳಗೆ ಮರದ ಕಂಪನವನ್ನೇ ಹಿಡಿಯುವ ಪಿಕಪ್ ಅಂಟಿಸಿರುತ್ತಾರೆ, ಕೆಲವರು ಒಳಗೊಂದು ಸಣ್ಣ ಮೈಕ್ ಕೂಡ ಇಟ್ಟಿರುತ್ತಾರೆ. ಅಂಗೈ ಏಟಿನ ತಗ್ಗು ಸದ್ದನ್ನು ಧ್ವನಿವರ್ಧಕದಲ್ಲಿ ದೊಡ್ಡದು ಮಾಡುತ್ತಾರೆ. ಫೋನಿನ ಸಣ್ಣ ಸ್ಪೀಕರಿನಲ್ಲಿ ಆ ತಗ್ಗು ಸದ್ದು ಕೇಳುವುದೇ ಇಲ್ಲ. ಹಾಗಾಗಿ ದಯವಿಟ್ಟು ಇಯರ್‌ಫೋನ್ ಹಾಕಿಕೊಂಡು ಕೇಳಿ.

ಹೀಗೆ ಬಡಿದ್ರೆ ಗಿಟಾರ್ ಒಡೆಯಲ್ವಾ?

ಮುಂದಿನ ಹಲಗೆ ಸಾಮಾನ್ಯವಾಗಿ ಮೂರು ಮಿಲಿಮೀಟರಿಗಿಂತ ದಪ್ಪ ಇರುವುದಿಲ್ಲ. ಆದರೆ ಅದರ ಒಳಗೆ ಮರದ ಪಟ್ಟಿಗಳ ಆಧಾರ ಇರುತ್ತದೆ. ಅಂಚಿನ ಹತ್ತಿರ, ಮಾಂಸದ ಭಾಗದಿಂದ ತಟ್ಟಿದರೆ ಏನೂ ಆಗದು. ಉಂಗುರ, ಕಡಗ ಮೊದಲು ತೆಗೆದಿಡಿ. ಕುದುರೆಯ (ತಂತಿಗಳ ಬುಡವನ್ನು ಮುಂದಿನ ಹಲಗೆಗೆ ಹಿಡಿದಿಡುವ ಮರದ ಪಟ್ಟಿ) ಹಿಂದಿನ ಅಗಲ ಜಾಗದಲ್ಲಿ ಜೋರಾಗಿ ಗುದ್ದಬೇಡಿ. ಕಲಿಯುವಾಗ ಏಳೆಂಟು ಸಾವಿರದ ಪ್ಲೈ ಮರದ ಗಿಟಾರೇ ಒಳ್ಳೆಯದು, ಅದು ಏಟನ್ನೂ ತಡೆಯುತ್ತದೆ, ನಮ್ಮ ಹವೆಯನ್ನೂ ತಡೆಯುತ್ತದೆ.

ಕಲಬುರಗಿ ಬಿಸಿಲಿಗೆ ಶ್ರುತಿ ನಿಲ್ಲೋದೇ ಇಲ್ಲ. ಏನು ಮಾಡೋದು?

ಇಲ್ಲಿ ತಟ್ಟಿ ಹಾಳಾದ ಗಿಟಾರ್ ನಾನು ನೋಡಿಲ್ಲ. ಬಿಸಿಲಿಗೆ ಹಾಳಾದವು ಬಹಳ ನೋಡಿದ್ದೇನೆ, ನನ್ನದೂ ಸೇರಿ. ಒಂದು ಏಪ್ರಿಲ್‌ನಲ್ಲಿ ಮದುವೆಗೆ ಅಂತ ಊರಿಗೆ ಹೋಗುವಾಗ ಗಿಟಾರನ್ನು ತಗಡಿನ ಕೋಣೆಯಲ್ಲಿ, ತಂತಿ ಬಿಗಿಯಾಗಿದ್ದ ಹಾಗೆಯೇ ಬಿಟ್ಟು ಹೋದೆ. ನಾಲ್ಕು ದಿನ ಬಿಟ್ಟು ಬಂದು ನೋಡಿದರೆ ಕುದುರೆಯ ಹಿಂಬದಿ ಎದ್ದಿತ್ತು. ಒಂದು ಪೋಸ್ಟ್‌ಕಾರ್ಡ್ ಒಳಗೆ ಹೋಗುವಷ್ಟು ಸಂದು. ಕೈಯಿಟ್ಟರೆ ಮರ ಬಿಸಿ. ಒಂದು ಸೆಟ್ ತಂತಿ ಸೇರಿ ಸುಮಾರು 70 ಕೆಜಿ ಎಳೆತದಲ್ಲಿ ಎಳೆಯುತ್ತಿರುತ್ತವೆ. ಬಿಸಿಗೆ ಅಂಟು ಮೆತ್ತಗಾದರೆ ಅದು ತಡೆದೀತಾದರೂ ಹೇಗೆ?

ಗಿಟಾರಿಗೆ ಗಾಳಿಯಲ್ಲಿ ಶೇಕಡಾ 45ರಿಂದ 55ರಷ್ಟು ತೇವ ಇದ್ದರೆ ಹಿತ. ನಮ್ಮಲ್ಲಿ ಬೇಸಿಗೆಯಲ್ಲಿ ಬಿಸಿಲು 42–43 ಡಿಗ್ರಿ ದಾಟುತ್ತದೆ, ಗಾಳಿ ಪೂರ್ತಿ ಒಣಗುತ್ತದೆ. ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಕೈಗೆ ಚುಚ್ಚುತ್ತವೆ. ಮುಂದಿನ ಹಲಗೆ ಒಳಕ್ಕೆ ಕುಸಿದು ತಂತಿ ಗರಗರ ಅನ್ನುತ್ತದೆ. ಒಂದು ಸಾಬೂನು ಡಬ್ಬಿಗೆ ತೂತು ಹಾಕಿ, ಸ್ಪಂಜನ್ನು ನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ, ಒಳಗಿಟ್ಟು, ಆ ಡಬ್ಬಿಯನ್ನು ಗಿಟಾರ್ ಪೆಟ್ಟಿಗೆಯಲ್ಲಿ ಇಡಿ. ಎರಡು ದಿನಕ್ಕೊಮ್ಮೆ ಸ್ಪಂಜ್ ನೋಡಿ. ಕೂಲರ್ ಗಾಳಿಗೆ ನೇರ ಇಡಬೇಡಿ. ನಿಲ್ಲಿಸಿದ ಕಾರಿನಲ್ಲಂತೂ ಹತ್ತು ನಿಮಿಷವೂ ಬೇಡ. ಊರಿಗೆ ಹೋಗುವಾಗ ಡ್ಯಾಡ್‌ಗ್ಯಾಡ್‌ಗೆ ಇಳಿಸಿಯೇ ಹೋಗಿ. ಒಂದು ಪೂರ್ಣ ಸ್ವರ ಇಳಿಸಿದರೆ ಆ ತಂತಿಯ ಎಳೆತ ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತದೆ.

ತಂತಿ ಯಾವುದು ಹಾಕಬೇಕು?

12ರ ಸೆಟ್, ಅಂದರೆ ಒಂದನೇ ತಂತಿಯ ದಪ್ಪ 0.012 ಇಂಚು ಇರುವುದು. 10ರ ಸೆಟ್ ಇಳಿಸಿದ ಶ್ರುತಿಯಲ್ಲಿ ಸಡಿಲಾಗಿ ಫ್ರೆಟ್ಟಿಗೆ ಬಡಿಯುತ್ತದೆ. ಇನ್ನೂ ಕೆಳಗೆ, ಸಿ ತನಕ ಇಳಿಸುವವರು 13 ಹಾಕಿ. ಪದೇ ಪದೇ ಏರಿಸಿ ಇಳಿಸಿದರೆ ಒಂದನೇ ತಂತಿ ಬೇಗ ಕಡಿಯುತ್ತದೆ, ಒಂದೆರಡು ಬಿಡಿ ತಂತಿ ಮನೆಯಲ್ಲಿರಲಿ.

ಭಾರತದಲ್ಲಿ ಯಾರಿದ್ದಾರೆ?

ದೆಹಲಿಯ ಧ್ರುವ್ ವಿಶ್ವನಾಥ್ ಅವರನ್ನು ಕೇಳಿ. ತಟ್ಟುತ್ತಾ ನುಡಿಸುತ್ತಾರೆ, ಹಾಡುತ್ತಾರೆ ಕೂಡ. ಶ್ರುತಿ ಬದಲಿಸುವುದರಲ್ಲಿ ನಮ್ಮವರು ಬಹಳ ಮುಂದೆಯೇ ಇದ್ದರು. ಬ್ರಿಜ್ ಭೂಷಣ್ ಕಾಬ್ರಾ ಗಿಟಾರನ್ನು ತೊಡೆ ಮೇಲಿಟ್ಟು ಹಿಂದೂಸ್ತಾನಿ ರಾಗ ನುಡಿಸಿದರು. 1967ರಲ್ಲಿ ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲಿನ ಜೊತೆ ಅವರ ಗಿಟಾರ್ ಸೇರಿದ ಧ್ವನಿಮುದ್ರಿಕೆ ಇವತ್ತಿಗೂ ಹಸಿಯಾಗಿದೆ. ವಿಶ್ವಮೋಹನ್ ಭಟ್ ಗಿಟಾರಿಗೆ ಇನ್ನಷ್ಟು ತಂತಿ ಸೇರಿಸಿ ಮೋಹನ ವೀಣೆ ಮಾಡಿದರು. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ ನುಡಿಸಿದ ಆಲ್ಬಮಿಗೆ 1994ರಲ್ಲಿ ಗ್ರ್ಯಾಮಿ ಪಡೆದರು.

ಹೊಸಬರನ್ನ ಹುಡುಕೋದು ಹೇಗೆ? ಯೂಟ್ಯೂಬ್ ಬರೀ ಅದೇ ನಾಲ್ಕು ಜನರನ್ನ ತೋರಿಸುತ್ತೆ.

ಹೆಸರು ಹಿಡಿದು ಹುಡುಕಬೇಡಿ, ಶ್ರುತಿ ಹಿಡಿದು ಹುಡುಕಿ. ಡ್ಯಾಡ್‌ಗ್ಯಾಡ್ ಅಂತ ಹಾಕಿದರೆ ಫ್ರಾನ್ಸಿನ ಪಿಯರ್ ಬೆನ್‌ಸುಸಾನ್ ಸಿಗುತ್ತಾರೆ, ಅವರು ಆ ಒಂದೇ ಶ್ರುತಿಯಲ್ಲಿ ಬದುಕು ಕಳೆದವರು. ಇನ್ನೊಂದು ದಾರಿ, ಯಾರು ಯಾರನ್ನು ಕೇಳಿ ಬೆಳೆದರು ಅಂತ ಹಿಂದೆ ಹಿಂದೆ ಹೋಗುವುದು. ಮೆಕ್‌ಕೀಯಿಂದ ರೀಡ್, ಹೆಜಸ್. ಇಂಗ್ಲೆಂಡಿನ ಗಾಯಕ ನ್ಯೂಟನ್ ಫಾಕ್ನರ್‌ನಿಂದ ಅವರ ಗುರು ಎರಿಕ್ ರೋಚ್. ಮೂರನೆಯದು, ಒಂದು ಸಣ್ಣ ಕಂಪನಿಯ ಪಟ್ಟಿಯನ್ನು ಪೂರ್ತಿ ಕೇಳುವುದು. ಕ್ಯಾಂಡಿರ‍್ಯಾಟ್‌ನಲ್ಲಿ ನನಗೆ ಸಿಕ್ಕವರು ಕೆನಡಾದ ಡಾನ್ ರಾಸ್ ಮತ್ತು ಆಂಟ್ವಾನ್ ಡುಫೂರ್.

ಸಿಕ್ಕ ಮೇಲೆ ಒಂದು ಕೆಲಸ ಮಾಡಿ. ಮೊದಲು ಫೋನನ್ನು ಬೋರಲು ಹಾಕಿ, ಕಣ್ಣು ಮುಚ್ಚಿ ಕೇಳಿ. ಆಮೇಲೆ ವಿಡಿಯೋ ನೋಡಿ.

ಇದೆಲ್ಲ ಬರೀ ಕೈಚಳಕ, ಸಂಗೀತ ಎಲ್ಲಿದೆ ಅಂತಾರೆ ಹಿರಿಯರು. ನಿಮ್ಮ ಅಭಿಪ್ರಾಯ?

ಕೆಲವರ ವಿಷಯದಲ್ಲಿ ಆ ಮಾತು ನಿಜ. ಕಣ್ಣು ಮುಚ್ಚಿ ಕೇಳಿ ಅಂದಿದ್ದು ಅದಕ್ಕೇ. ಕೈ ಕಾಣದಿದ್ದಾಗ ರಾಗ ಉಳಿಯದಿದ್ದರೆ ಅದನ್ನು ನಾನು ಎರಡನೇ ಸಲ ಕೇಳುವುದಿಲ್ಲ. ಮೆಕ್‌ಕೀಯ 'ರೈಲಿನ್' ಅನ್ನುವ ರಚನೆ ಹಾಕಿ ನೋಡಿ. ಸ್ನೇಹಿತರ ಮನೆಯ ಮಗು ತೀರಿಕೊಂಡಾಗ ಆ ಮಗುವಿನ ಹೆಸರಿಟ್ಟು ಮಾಡಿದ್ದು. ಅದರಲ್ಲೂ ತಟ್ಟುವುದಿದೆ, ಆದರೆ ತೊಟ್ಟಿಲು ತೂಗುವ ಕೈ ತಾಗಿದಷ್ಟು ಮೆತ್ತಗೆ. ಒಮ್ಮೆ ಕ್ಲಾಸಿಗೆ ಮಗಳನ್ನು ಬಿಡಲು ಬಂದ ತಬಲಾ ಮಾಸ್ತರರೊಬ್ಬರು ಇದನ್ನು ನಿಂತೇ ಕೇಳಿದರು. ಮುಗಿದ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತು, "ಇನ್ನೊಮ್ಮೆ ಹಚ್ರಿ" ಅಂದರು.